ಬಿಯಾಂವೆನ್ಯೂ: ಪಾತಾಳದಲ್ಲಿ ದಾರಿ ಬೆಸೆದವನು

ಪ್ಯಾರಿಸ್ ನಗರದ ನೆಲದಡಿಯ ರೈಲಿನಲ್ಲಿ ಮೊದಲ ಸಲ ಪ್ರಯಾಣ ಮಾಡಿದ ದಿನ ನಾನೊಂದು ನಗೆಗೀಡಾಗುವ ತಪ್ಪು ಮಾಡಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಉದ್ಯೋಗದಲ್ಲಿದ್ದಾನೆ. ಅವನ ಒತ್ತಾಯಕ್ಕೆ ಕಟ್ಟುಬಿದ್ದು ಒಂದು ಬೇಸಗೆಯ ರಜೆಯಲ್ಲಿ ಅವನ ಮನೆಗೆ ಹೋಗಿದ್ದೆ. ಮೊಂಪಾರ್ನಾಸ್ ಎಂಬ ನಿಲ್ದಾಣದಲ್ಲಿ ಇಳಿದಾಗ, ಗೋಡೆಯ ಮೇಲಿನ ಫಲಕದಲ್ಲಿ ಆ ಹೆಸರಿನೊಡನೆ ಒಂದು ಅಡ್ಡಗೆರೆಯಿಂದ ಜೋಡಿಸಿದ್ದ ಇನ್ನೊಂದು ಪದ ಕಣ್ಣಿಗೆ ಬಿತ್ತು. ನಾಲ್ಕಾರು ಫ್ರೆಂಚ್ ಮಾತುಗಳನ್ನು ಕಲಿತು ಹೋಗಿದ್ದ ನನಗೆ ಸುಸ್ವಾಗತ ಎಂಬರ್ಥದ ಪದ ತಿಳಿದಿತ್ತು. ಎಷ್ಟು ಸೌಜನ್ಯದ ಜನ, ಪಾತಾಳದಲ್ಲಿಯೂ ಬಂದವರಿಗೆ ಸ್ವಾಗತ ಬರೆದಿದ್ದಾರಲ್ಲ ಎಂದು ನಾನು ಮೆಚ್ಚಿ ನುಡಿದೆ. ವಿದ್ಯಾರ್ಥಿಗೆ ನಗು ಬಂತು. ಮೇಷ್ಟರೆದುರು ನಗಬಾರದೆಂದು ಅದನ್ನು ನುಂಗಿಕೊಂಡು, ಆ ಪದದ ಒಂದು ಅಕ್ಷರದ ನೆತ್ತಿಯ ಮೇಲಿದ್ದ ಎರಡು ಚುಕ್ಕಿಗಳನ್ನು ತೋರಿಸಿದನು. ಸ್ವಾಗತದ ಪದಕ್ಕೆ ಆ ಚುಕ್ಕಿಗಳಿಲ್ಲ. ಇದು ಒಬ್ಬ ಮನುಷ್ಯನ ಹೆಸರು. ಈ ರೈಲುದಾರಿಗಳನ್ನು ಕಟ್ಟಿದವನ ಹೆಸರು.

ಕೋಟ್ಯಂತರ ಜನ ಓದುವ ಹೆಸರು ಹೆಸರೆಂದೇ ತಿಳಿಯದೆ ಹೋಗುವುದು ಒಂದು ಬಗೆಯ ವಿಚಿತ್ರ ಕೀರ್ತಿ. ಊರಿಗೆ ಮರಳಿದ ಮೇಲೆ ಆತನ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದಿದೆ. ನಾನು ವ್ಯಾಕರಣ ಪಾಠ ಹೇಳುವವನು, ಇಂಜಿನಿಯರನಲ್ಲ. ಆದರೆ ಆ ಮನುಷ್ಯನ ಜೀವಮಾನದ ಕೆಲಸ ಒಂದರ್ಥದಲ್ಲಿ ಸಂಧಿಕಾರ್ಯವೇ ಆಗಿತ್ತು: ಒಂದು ದಾರಿ ಇನ್ನೊಂದನ್ನು ಕೂಡುವಲ್ಲಿ ಯಾವುದು ಉಳಿಯಬೇಕು, ಯಾವುದು ಬಾಗಬೇಕು, ಎಲ್ಲಿ ಕೂಡಲೇಬಾರದು ಎಂಬ ವಿಚಾರ. ಆದ್ದರಿಂದ ಇಷ್ಟು ಬರೆಯುವ ಧೈರ್ಯ ಮಾಡಿದ್ದೇನೆ.

ಫುಲ್ಜಾನ್ಸ್ ಬಿಯಾಂವೆನ್ಯೂ 1852ನೆಯ ಜನವರಿ 27ರಂದು ಫ್ರಾನ್ಸಿನ ಪಶ್ಚಿಮಕ್ಕಿರುವ ಬ್ರಿಟನಿ ಪ್ರಾಂತದ ಯೂಜೆಲ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದನು. ತಂದೆ ದಸ್ತಾವೇಜುಗಳನ್ನು ಬರೆದು ನೋಂದಾಯಿಸುವ ನೋಟರಿ. ಈತ ಆ ಮನೆಯ ಹದಿಮೂರನೆಯ ಮಗು. 1870ರಲ್ಲಿ ಪ್ಯಾರಿಸ್ಸಿನ ಪ್ರಸಿದ್ಧವಾದ ಪಾಲಿಟೆಕ್ನಿಕ್ ವಿದ್ಯಾಲಯವನ್ನು ಸೇರಿದನು. ಅನಂತರ ಸೇತುವೆ ರಸ್ತೆಗಳ ಸರ್ಕಾರಿ ಇಲಾಖೆಯಲ್ಲಿ ಇಂಜಿನಿಯರನಾದನು. ಲ್ಯಾಟಿನ್ ಗ್ರೀಕ್ ಕಾವ್ಯಗಳ ರುಚಿ ಅವನಿಗೆ ಎಳೆತನದಿಂದಲೇ ಹತ್ತಿ, ಕಡೆಯವರೆಗೂ ಬಿಡಲಿಲ್ಲ.

1875ರಲ್ಲಿ ನಾರ್ಮಂಡಿ ಸೀಮೆಯ ಆಲಾನ್ಸೋನ್ ಪಟ್ಟಣದಲ್ಲಿ ಅವನ ಚಾಕರಿ ಆರಂಭವಾಯಿತು. ಹಳ್ಳಿಗಾಡಿನ ರೈಲುದಾರಿಗಳನ್ನು ಹಾಕಿಸುವುದು, ಅದಕ್ಕೆ ಬೇಕಾದ ಜಮೀನನ್ನು ವಶಪಡಿಸಿಕೊಳ್ಳುವುದು, ಇವೇ ಕೆಲಸ. 1881ರಲ್ಲಿ ಜಮೀನಿನ ತನಿಖೆಯ ಕಾರ್ಯದಲ್ಲಿರುವಾಗ ಅವನು ರೈಲುಬಂಡಿಯ ಕೆಳಗೆ ಬಿದ್ದನು. ಎಡಗೈಯನ್ನು ಕತ್ತರಿಸಿ ತೆಗೆಯಬೇಕಾಯಿತು. ಆಗ ಅವನ ವಯಸ್ಸು ಇಪ್ಪತ್ತೊಂಬತ್ತು. ಮುಂದೆ ಅರ್ಧ ಶತಮಾನ ಕಾಲ, ಒಂದು ತೋಳು ಖಾಲಿಯಾದ ಕೋಟು ತೊಟ್ಟು, ಏಣಿಗಳನ್ನು ಹತ್ತಿಳಿಯುತ್ತ ಕೆಸರಿನ ಸುರಂಗಗಳಲ್ಲಿ ಓಡಾಡಿದವನು ಈ ಒಂಟಿಗೈಯವನೇ. ಈ ಸಂಗತಿಯನ್ನು ಹೆಚ್ಚು ಬೆಳೆಸಲಾರೆ. ಅವನೂ ಅದನ್ನು ಬೆಳೆಸಿದವನಲ್ಲ.

ಕೆಲವು ವರ್ಷಗಳಲ್ಲಿ ಅವನು ರಾಜಧಾನಿಗೆ ಬಂದನು. ಅಲ್ಲಿ ಅವನು ಕಟ್ಟಿದ ಮೊದಲ ರೈಲು ನೆಲದ ಮೇಲಿನದು, ಆಟಿಕೆಯಂಥದು. ಪ್ಯಾರಿಸ್ಸಿನ ಪೂರ್ವಕ್ಕೆ ಬೆಲ್ವಿಲ್ ಎಂಬ ಗುಡ್ಡವಿದೆ. ಕೂಲಿಕಾರರ, ಕುಶಲಕರ್ಮಿಗಳ ಬೀಡು. ಆ ಏರುಬೀದಿಯನ್ನು ಹತ್ತುವುದು ಕುದುರೆಗಳಿಗೆ ಕಷ್ಟ. ಬಿಯಾಂವೆನ್ಯೂ ಬೀದಿಯ ನಡುವೆ ಒಂದು ಕಿರುಹಳಿಯನ್ನು ಹಾಸಿ, ಅದರ ಕೆಳಗೆ ಹಗ್ಗವೊಂದನ್ನು ಓಡಿಸಿ, ಹಗ್ಗವನ್ನು ಕಚ್ಚಿ ಹಿಡಿದು ಏರುವ ಪುಟ್ಟ ಬಂಡಿಗಳನ್ನು 1891ರಲ್ಲಿ ಓಡಿಸಿದನು. ದುಡಿಯುವ ಜನ ಅದಕ್ಕೆ ಮುತ್ತಿಕೊಂಡರು. ಈ ಬೆಲ್ವಿಲ್ ಗುಡ್ಡವನ್ನು ವಾಚಕರು ನೆನಪಿನಲ್ಲಿಡಬೇಕು. ಅವನ ಕಥೆ ಮತ್ತೆ ಅಲ್ಲಿಗೇ ಬರುತ್ತದೆ. ಇದಾದ ಮೇಲೆ ಸುಮಾರು ನೂರು ಕಿಲೊಮೀಟರು ದೂರದ ಆವ್ರ್ ಕಣಿವೆಯ ಊಟೆಗಳ ನೀರನ್ನು ಪ್ಯಾರಿಸ್ಸಿಗೆ ತರುವ ಕಾಲುವೆಯ ಕೆಲಸ. 1893ರಲ್ಲಿ ಆ ನೀರು ಊರು ಮುಟ್ಟಿತು.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ಲಂಡನ್ನಿನಲ್ಲಿ 1863ರಿಂದಲೇ ನೆಲದಡಿಯ ರೈಲು ಓಡುತ್ತಿತ್ತು. ಪ್ಯಾರಿಸ್ಸಿನವರು ಮಾತ್ರ ಹಲವು ದಶಕ ಜಗಳವಾಡುತ್ತ ಕುಳಿತರು. ಜಗಳ ಫ್ರಾನ್ಸಿನ ಸರ್ಕಾರಕ್ಕೂ ಪ್ಯಾರಿಸ್ಸಿನ ನಗರಸಭೆಗೂ. ಸರ್ಕಾರ ಮತ್ತು ದೊಡ್ಡ ರೈಲು ಕಂಪೆನಿಗಳ ಅಭಿಪ್ರಾಯದಲ್ಲಿ, ದೇಶದ ನಾನಾ ದಿಕ್ಕುಗಳಿಂದ ಬಂದು ಊರಂಚಿನಲ್ಲಿ ನಿಂತುಬಿಡುವ ರೈಲುಗಳನ್ನು ಊರೊಳಗಿನ ಸುರಂಗಗಳು ಒಂದಕ್ಕೊಂದು ಜೋಡಿಸಬೇಕು. ಹೊರಗಿನ ರೈಲು ನೇರವಾಗಿ ಒಳಗೆ ಓಡಬೇಕು. ನಗರಸಭೆಯ ಅಭಿಪ್ರಾಯದಲ್ಲಿ, ಈ ರೈಲು ಪ್ಯಾರಿಸ್ಸಿನ ಜನಕ್ಕಾಗಿ, ಪ್ಯಾರಿಸ್ಸಿನ ಗಡಿಯೊಳಗೆ, ಪ್ಯಾರಿಸ್ಸಿನ ಅಧೀನದಲ್ಲಿರಬೇಕು. ಕಂಪೆನಿಗಳು ಒಮ್ಮೆ ಒಳಹೊಕ್ಕರೆ ಊರು ಅವರ ಕೈಗೆ ಹೋದೀತು ಎಂಬ ಭಯ. ಊರ ಜನ ಬಾಡಿಗೆ ಅಗ್ಗವೆಂದು ಹೊರವಲಯಕ್ಕೆ ಹೊರಟುಹೋದಾರು, ತೆರಿಗೆ ಕಡಿಮೆಯಾದೀತು ಎಂಬ ಭಯವೂ ಇತ್ತು.

1900ರ ಮಹಾಪ್ರದರ್ಶನ ಹತ್ತಿರವಾದುದರಿಂದ ಸರ್ಕಾರ ಮಣಿಯಬೇಕಾಯಿತು. 1895ನೆಯ ನವೆಂಬರಿನಲ್ಲಿ ಈ ರೈಲು ಸ್ಥಳೀಯ ಹಿತಕ್ಕೆ ಸಂಬಂಧಪಟ್ಟುದೆಂದು ಒಪ್ಪಿ ಅದನ್ನು ನಗರಕ್ಕೆ ಬಿಟ್ಟುಕೊಟ್ಟಿತು. ಬಿಯಾಂವೆನ್ಯೂ ತನ್ನ ಮೇಲಧಿಕಾರಿಯಾದ ಎಡ್ಮೋನ್ ಯುಎ ಎಂಬವನೊಡನೆ ಯೋಜನೆ ಸಿದ್ಧಪಡಿಸಿದನು. ಹೊರಗಿನ ರೈಲು ಎಂದೆಂದಿಗೂ ಒಳಗೆ ಬರಲಾರದಂತೆ ಮಾಡುವ ಉಪಾಯ ಆ ಯೋಜನೆಯಲ್ಲಿಯೇ ಅಡಗಿತ್ತು. ಮೊದಲು ಅವರು ದೇಶದ ಉಳಿದ ಹಳಿಗಳಿಗಿಂತ ಕಿರಿದಾದ ಹಳಿಯನ್ನೇ ಗೊತ್ತುಮಾಡಿದ್ದರು. ನಮ್ಮ ಹಿರಿಯರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರಿನಿಂದ ಮದರಾಸಿಗೆ ಹೊರಟವರು ಬೆಂಗಳೂರಿನಲ್ಲಿ ಮೀಟರುಹಳಿಯ ಬಂಡಿಯಿಂದ ಇಳಿದು, ಟ್ರಂಕು ಹಾಸಿಗೆಗಳನ್ನು ಹೊರಿಸಿಕೊಂಡು, ಅಗಲಹಳಿಯ ಬಂಡಿಗೆ ಹತ್ತುತ್ತಿದ್ದ ಕಾಲವನ್ನು ಅವರು ಕಂಡವರು. ಸರ್ಕಾರ ಈ ಕಿರಿಹಳಿಗೆ ಒಪ್ಪಲಿಲ್ಲ. ಹಳಿಗಳ ಅಂತರ ಎಲ್ಲ ಕಡೆಯಂತೆಯೇ ಇರತಕ್ಕದ್ದೆಂದು ಪಟ್ಟು ಹಿಡಿಯಿತು. 1898ನೆಯ ಮಾರ್ಚ್ 30ರ ಶಾಸನದಲ್ಲಿ ಹಾಗೆಯೇ ಆಯಿತು. ಆದರೆ ನಗರಸಭೆ ಜಾಣತನದಿಂದ ಇನ್ನೊಂದು ಬಾಗಿಲು ಮುಚ್ಚಿತು. ಹಳಿ ಒಂದೇ ಆದರೇನು, ಸುರಂಗವನ್ನೇ ಕಿರಿದು ಮಾಡಿದರಾಯಿತು! ಬಂಡಿಗಳ ಅಗಲ ಕೇವಲ 2.40 ಮೀಟರು, ದೇಶದ ದೊಡ್ಡ ರೈಲುಡಬ್ಬಿ ಆ ಸುರಂಗದ ಬಾಯಲ್ಲಿಯೇ ಸಿಕ್ಕಿಕೊಳ್ಳಬೇಕು. ಸಾಲದುದಕ್ಕೆ, ಫ್ರಾನ್ಸಿನ ರೈಲುಗಳು ಎಡಮಗ್ಗುಲಲ್ಲಿ ಓಡಿದರೆ ಪ್ಯಾರಿಸ್ಸಿನ ನೆಲದಡಿಯವು ಬಲಮಗ್ಗುಲಲ್ಲಿ ಓಡತಕ್ಕದ್ದೆಂದಾಯಿತು.

ನಮ್ಮ ವ್ಯಾಕರಣದಲ್ಲಿ ಪ್ರಕೃತಿಭಾವವೆಂಬುದುಂಟು. ಸ್ವರದ ಮುಂದೆ ಸ್ವರ ಬಂದು ಸಂಧಿಗೆ ಎಲ್ಲ ಅನುಕೂಲವಿದ್ದರೂ, ಆಡುವವನ ಭಾವವನ್ನು ಕಾಯಲೋಸುಗ ಅವು ಕೂಡದೆ ಎದುರುಬದುರಾಗಿ ನಿಂತುಬಿಡುತ್ತವೆ. ಪ್ಯಾರಿಸ್ಸಿನ ರೈಲುದಾರಿಗಳಲ್ಲಿ ಆದದ್ದು ಇದೇ. ಒಂದೇ ಅಳತೆಯ ಹಳಿಗಳು, ಒಂದೇ ಊರು, ಕೂಗಳತೆಯ ದೂರ, ಆದರೂ ಕೂಡಲಿಲ್ಲ.

ಇದರಲ್ಲಿ ಬಿಯಾಂವೆನ್ಯೂವಿನ ಪಾಲು ಎಷ್ಟು? ನಿರ್ಧಾರ ನಗರಸಭೆಯದು, ನಕ್ಷೆ ಅವನದು. ಅವನನ್ನು ಬರಿಯ ಆಜ್ಞಾಧಾರಕನೆನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಊರಿನ ರೈಲು ಊರಿನದಾಗಿರಬೇಕೆಂಬ ಪಕ್ಷಕ್ಕೆ ರೂಪ ಕೊಟ್ಟವನು ಅವನೇ. ಅದರ ಫಲ ಎರಡು ಬಗೆ. ಕಂಪೆನಿಗಳ ಕಾಟವಿಲ್ಲದೆ, ದಟ್ಟವಾದ, ಅಗ್ಗವಾದ, ಹೆಜ್ಜೆ ಹೆಜ್ಜೆಗೆ ನಿಲ್ದಾಣವುಳ್ಳ ರೈಲು ಪ್ಯಾರಿಸ್ಸಿಗೆ ದೊರಕಿತು. ಅದೇ ವೇಳೆಗೆ, ಊರ ಗಡಿಯಾಚೆಯಲ್ಲಿ ಬೆಳೆದ ಕಾರ್ಖಾನೆಗಳ ನೆರೆಯ ಬಡವರಿಗೆ ಈ ರೈಲು ಮೂವತ್ತನಾಲ್ಕು ವರ್ಷ ಹೊರಗಿನದಾಗಿಯೇ ಉಳಿಯಿತು. 1934ರವರೆಗೆ ಒಂದು ದಾರಿಯೂ ಊರ ಎಲ್ಲೆಯನ್ನು ದಾಟಲಿಲ್ಲ.

ಕೆಲಸ 1898ರ ಶರತ್ಕಾಲದಲ್ಲಿ ಮೊದಲಾಯಿತು. ಇಪ್ಪತ್ತು ತಿಂಗಳೊಳಗೆ, 1900ನೆಯ ಜುಲೈ 19ರ ಮಧ್ಯಾಹ್ನ, ವ್ಯಾನ್‌ಸೆನ್ ಬಾಗಿಲಿನಿಂದ ಮಾಯ್ಯೋ ಬಾಗಿಲಿನವರೆಗಿನ ಮೊದಲ ದಾರಿ ತೆರೆಯಿತು. ಉದ್ದ ಹತ್ತು ಕಿಲೊಮೀಟರಿಗೆ ಸ್ವಲ್ಪ ಮೇಲೆ. ಎರಡನೆಯ ತರಗತಿಯ ಟಿಕೀಟು 15 ಸಾಂಟೀಮು. ಸುರಂಗಗಳನ್ನೂ ನಿಲ್ದಾಣಗಳನ್ನೂ ಕಟ್ಟುವುದು ನಗರದ ಹೊಣೆ, ಎಂದರೆ ಬಿಯಾಂವೆನ್ಯೂವಿನದು. ಹಳಿ, ಬಂಡಿ, ವಿದ್ಯುತ್ತು, ಬೀದಿಯಿಂದಿಳಿಯುವ ಬಾಗಿಲುಗಳು ರೈಲನ್ನು ನಡೆಸುವ ಕಂಪೆನಿಯ ಹೊಣೆ. ಆ ಬಾಗಿಲುಗಳಿಗೆ ಗಿಮಾರ್ ಎಂಬ ಕಲಾವಿದನು ಕಬ್ಬಿಣದಲ್ಲಿ ಬಳ್ಳಿ ಮೊಗ್ಗುಗಳನ್ನು ಅರಳಿಸಿದನು. ಪ್ರವಾಸಿಗರು ಇಂದಿಗೂ ಅವುಗಳ ಚಿತ್ರ ತೆಗೆದುಕೊಳ್ಳುತ್ತಾರೆ. ಕೆಳಗಿನ ಕಮಾನುಗಳ ಚಿತ್ರ ತೆಗೆಯುವವರು ಕಡಿಮೆ.

ಗೆಲುವಿನ ನಡುವೆ ಒಂದು ಕರಾಳ ದಿನ ಬಂದಿತು. 1903ನೆಯ ಆಗಸ್ಟ್ 10ರ ಸಂಜೆ, ಎರಡನೆಯ ದಾರಿಯಲ್ಲಿ, ಮರದ ಡಬ್ಬಿಗಳ ಬಂಡಿಯೊಂದರಲ್ಲಿ ವಿದ್ಯುತ್ತಿನ ದೋಷದಿಂದ ಬೆಂಕಿ ಕಾಣಿಸಿತು. ಪ್ರಯಾಣಿಕರನ್ನು ಇಳಿಸಿ, ಹಿಂದಿನ ಬಂಡಿಯಿಂದ ಅದನ್ನು ಮುಂದಕ್ಕೆ ತಳ್ಳಿಸಿಕೊಂಡು ಹೋದರು. ಮೆನಿಲ್‌ಮೊಂತಾನ್ ಬಳಿ ಬೆಂಕಿ ಭುಗಿಲೆದ್ದಿತು. ಇಳಿಸಲ್ಪಟ್ಟವರನ್ನೆಲ್ಲ ತುಂಬಿಕೊಂಡು ಬಂದ ಮೂರನೆಯ ಬಂಡಿ ಹಿಂದಿನ ಕೂರೋನ್ ನಿಲ್ದಾಣದಲ್ಲಿ ನಿಂತಿತು. ಹೊರಗೆ ನಡೆಯಿರೆಂದು ಸಿಬ್ಬಂದಿ ಬೇಡಿಕೊಂಡರೆ, ಕೆಲವರು ಟಿಕೀಟಿನ ಹಣ ಹಿಂದಿರುಗಿಸಿ ಎಂದು ಹಟ ಹಿಡಿದರು. ಅಷ್ಟರಲ್ಲಿ ಸುರಂಗದಿಂದ ಹೊಗೆ ನುಗ್ಗಿತು; ದೀಪಗಳು ಆರಿದುವು. ನಿಲ್ದಾಣದಿಂದ ಹೊರಗೆ ಹೋಗುವ ದಾರಿ ಒಂದೇ ಕೊನೆಯಲ್ಲಿತ್ತು. ಕತ್ತಲಲ್ಲಿ ಜನ ಇನ್ನೊಂದು ಕೊನೆಗೆ ಓಡಿದರು. ಅಲ್ಲಿ ಗೋಡೆಯಿತ್ತು. ಆ ಸಂಜೆ ಸತ್ತವರು 84 ಮಂದಿ. ಬಹುಪಾಲು ಆ ಗೋಡೆಯ ಬಳಿಯಲ್ಲಿ.

ಬಂಡಿಯೂ ವಿದ್ಯುತ್ತೂ ಕಂಪೆನಿಯವು, ನಿಜ. ಆದರೂ ನಿಲ್ದಾಣದ ಆಕಾರವನ್ನು ಕುರಿತು ಯೋಚಿಸುವಾಗ ಈ ಕೂರೋನ್ ನನ್ನ ಮನಸ್ಸಿನಿಂದ ಮರೆಯಾಗುವುದಿಲ್ಲ. ಒಂದು ಮೆಟ್ಟಿಲುಸಾಲು ಈ ಕೊನೆಗೋ ಆ ಕೊನೆಗೋ ಎಂಬುದು ಕಾಗದದ ಮೇಲೆ ಒಂದು ಗೆರೆಯ ಪ್ರಶ್ನೆ. ಹೊಗೆ ತುಂಬಿದಾಗ ಅದೇ ಪ್ರಾಣದ ಪ್ರಶ್ನೆ. ಅನಂತರ ದೀಪಗಳಿಗೆ ಬಂಡಿಯ ವಿದ್ಯುತ್ತಿನಿಂದ ಬೇರೆಯಾದ ಸಂಪರ್ಕ ಕೊಟ್ಟರು, ಹೊರದಾರಿಗಳನ್ನು ದೀಪದಿಂದ ಗುರುತಿಸಿದರು. ಮರದ ಡಬ್ಬಿಗಳ ಬದಲು ಕ್ರಮವಾಗಿ ಲೋಹದ ಡಬ್ಬಿಗಳು ಬಂದುವು.

ಕೂಡುದಾಣಗಳನ್ನು ಕಟ್ಟುವುದರಲ್ಲಿ ಬಿಯಾಂವೆನ್ಯೂವಿಗೆ ಸಮನಾದವರು ವಿರಳ. ಗೀತನಾಟಕ ಶಾಲೆಯ ಮುಂದಿನ ಒಪೆರಾ ಚೌಕದಲ್ಲಿ ಮೂರು ದಾರಿಗಳು ಒಂದರ ಮೇಲೊಂದು ಹಾದುಹೋಗಬೇಕಾಗಿತ್ತು. ನೆಲದಲ್ಲಿ ಸ್ವಲ್ಪ ಅಗೆದರೆ ನೀರು. ಮೂರನ್ನೂ ಬೇರೆ ಬೇರೆ ಕಾಲದಲ್ಲಿ ಕಟ್ಟಿದರೆ ಪ್ರತಿ ಸಲವೂ ಮೇಲಿನದು ಕುಸಿಯುವ ಭಯ. ಆದ್ದರಿಂದ ಆಳವಾದ ಬಾವಿಗಳನ್ನಿಳಿಸಿ, ಅವುಗಳಲ್ಲಿ ಕಾಂಕ್ರೀಟು ತುಂಬಿ, ಮೂರು ಅಂತಸ್ತಿನ ಒಂದೇ ಕಲ್ಲುಗಂಟನ್ನು ಒಮ್ಮೆಗೇ ಕಟ್ಟಿಬಿಟ್ಟನು. ಮೇಲಿನ ಅಂತಸ್ತಿನಲ್ಲಿ ಮೂರನೆಯ ದಾರಿಯ ಬಂಡಿಗಳು 1904ರಲ್ಲಿ ಓಡಿದುವು. ಅದರ ಕೆಳಗಿನದು ಏಳನೆಯ ದಾರಿಗಾಗಿ 1910ರವರೆಗೂ, ಅದಕ್ಕೂ ಕೆಳಗಿನದು ಎಂಟನೆಯ ದಾರಿಗಾಗಿ 1913ರವರೆಗೂ ಕತ್ತಲಲ್ಲಿ ಕಾದಿದ್ದುವು. ಇನ್ನೂ ಹುಟ್ಟದ ದಾರಿಗೆ ಮೊದಲೇ ಸಂಧಿಯನ್ನು ರಚಿಸಿಟ್ಟ ಧೈರ್ಯ ಇದು.

ಸೇನ್ ನದಿಯನ್ನು ದಾಟಿದ ನಾಲ್ಕನೆಯ ದಾರಿಯ ಕಥೆ ಇದಕ್ಕಿಂತ ದೊಡ್ಡದು. ಮೊದಲು ಆ ದಾರಿ ಬೇರೆ ಕಡೆ ಹೋಗುವುದಿತ್ತು: ಫ್ರೆಂಚ್ ಅಕಾಡೆಮಿಯ ಪಂಡಿತರು ಸಭೆ ಸೇರುವ ಭವನದ ಅಡಿಯಲ್ಲಿ. ತಮ್ಮ ಕಾಲಕೆಳಗೆ ರೈಲು ಗುಡುಗುವುದನ್ನು ವಿದ್ವಾಂಸರು ಸಹಿಸಲಿಲ್ಲ. ಪಂಡಿತರ ಹಟದ ಎದುರು ಇಂಜಿನಿಯರನ ಗೆರೆ ಬಾಗಬೇಕಾಯಿತು. ಅಧ್ಯಾಪಕ ವೃತ್ತಿಯವನಾದ ನಾನು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವಂತಿಲ್ಲ. ದಾರಿ ಪೂರ್ವಕ್ಕೆ ಸರಿದು, ನದಿಯ ನಡುವಿನ ಸಿತೆ ದ್ವೀಪವನ್ನು ಹಾಯ್ದು, ನದಿಯ ಎರಡು ಕವಲುಗಳನ್ನೂ ದಾಟಬೇಕಾಯಿತು. ಇಲ್ಲಿ ಸುರಂಗ ಕೊರೆಯಲಿಲ್ಲ. ಉಕ್ಕಿನ ಭಾರಿ ಪೆಟ್ಟಿಗೆಗಳನ್ನು ದಡದಲ್ಲಿ ಜೋಡಿಸಿ, ತೇಲಿಸಿ ತಂದು, ನದಿಯ ತಳದೊಳಕ್ಕೆ ಇಳಿಸಿದರು. ದೊಡ್ಡ ಕವಲಿಗೆ ಮೂರು, ಚಿಕ್ಕದಕ್ಕೆ ಎರಡು. ಸಿತೆ, ಸ್ಯಾನ್‌ಮಿಶೆಲ್ ಎಂಬ ಎರಡು ನಿಲ್ದಾಣಗಳೂ ಉಕ್ಕಿನ ಪೆಟ್ಟಿಗೆಗಳೇ: ನಡುವೆ 66 ಮೀಟರು ಉದ್ದದ ಒಂದು, ಎರಡು ತುದಿಗಳಲ್ಲಿ ಮೊಟ್ಟೆಯಾಕಾರದ ಎರಡು. ಸಿತೆಯಲ್ಲಿ ನಾನು ಆ ಮೊಟ್ಟೆಯೊಳಗಿನ ಮೆಟ್ಟಿಲುಗಳನ್ನು ಹತ್ತುವಾಗ ಗೋಡೆಯ ಉಕ್ಕಿನ ತಗಡುಗಳೂ ಮೊಳೆಗಳ ಸಾಲುಗಳೂ ಕಂಡು, ಮುಳುಗಿದ ಹಡಗಿನ ಒಡಲಿನಲ್ಲಿದ್ದೇನೆಯೋ ಎನ್ನಿಸಿತು.

ಸ್ಯಾನ್‌ಮಿಶೆಲ್ಲಿನ ಬಳಿ ನದಿಗೂ ನಿಲ್ದಾಣಕ್ಕೂ ನಡುವೆ ಇನ್ನೊಂದು ರೈಲುದಾರಿ ಹಾದಿತ್ತು. ಅದರ ಅಡಿಯ ಕೆಸರುಮಣ್ಣನ್ನು ಅಗೆದರೆ ಮೇಲಿನ ರೈಲೇ ಕುಸಿದೀತು. ಆಗ ಆ ನೆಲದಲ್ಲಿ ಕೊಳವೆಗಳನ್ನು ನೆಟ್ಟು, ಘನೀಭವಿಸದ ಉಪ್ಪಿನ ದ್ರಾವಣವನ್ನು ಸೊನ್ನೆಗಿಂತ ಇಪ್ಪತ್ತು ಡಿಗ್ರಿಗೂ ಕೆಳಗೆ ತಣಿಸಿ ಹರಿಯಿಸಿ, ಕೆಸರನ್ನೇ ಹಿಮಗಟ್ಟಿಸಿ ಕಲ್ಲಿನಂತೆ ಮಾಡಿ ಕಡಿದರು. ಗುತ್ತಿಗೆ ಹಿಡಿದ ಲೆಯೋನ್ ಶನ್ಯೋ ಎಂಬವನಿಗೂ ಈ ಕೀರ್ತಿಯಲ್ಲಿ ಪಾಲುಂಟು. 1910ನೆಯ ಜನವರಿ 9ರಂದು ನದಿಯಡಿಯ ದಾರಿ ತೆರೆಯಿತು. ಅದೇ ತಿಂಗಳು ಸೇನ್ ನದಿಗೆ ಮಹಾಪೂರ ಬಂದು, 28ನೆಯ ತಾರೀಖಿಗೆ ನೀರು ಅಳತೆಗಂಬದಲ್ಲಿ 8.62 ಮೀಟರು ಏರಿತು. ತಳದಿಂದ ಬಾರದಂತೆ ತಡೆದಿದ್ದ ನೀರು ಮೇಲಿನಿಂದ ಬಂದು ಸುರಂಗಗಳನ್ನು ತುಂಬಿತು. ನೀರನ್ನು ಹೊರಹಾಕಿ, ದಾರಿಯನ್ನು ಮತ್ತೆ ತೆರೆದರು.

ನದಿಯನ್ನು ಪಶ್ಚಿಮದಲ್ಲಿ ದಾಟುವ ಇನ್ನೊಂದು ದಾರಿಯುಂಟು, 1913ರಲ್ಲಿ ತೆರೆದದ್ದು. ನನ್ನ ವಿದ್ಯಾರ್ಥಿಯ ಮನೆಗೆ ಆ ದಾರಿಯಲ್ಲಿಯೇ ಹೋಗಬೇಕು. ನದಿಯಡಿಯಿಂದ ಹೊರಟ ಬಂಡಿ ಮಿರಬೋ ಎಂಬ ನಿಲ್ದಾಣವನ್ನು ಹೊಕ್ಕಿತು. ಎದುರು ಬದಿಯ ಜಗಲಿಯಲ್ಲಿ ಜನ ಸಮನೆಲದಲ್ಲಿ ನಿಂತಿದ್ದಾರೆ. ನಮ್ಮ ಬಂಡಿಯಾದರೋ ನಿಲ್ಲದೆ, ಮೂತಿಯನ್ನೆತ್ತಿ, ಅದೇ ಕಮಾನಿನಡಿಯಲ್ಲಿ ಗುಡ್ಡವೇರುವಂತೆ ಏರತೊಡಗಿತು. ಜಗಲಿಯ ಜನ ಕಿಟಕಿಯಲ್ಲಿ ಓರೆಯಾಗಿ ಕೆಳಗಿಳಿದರು. ನೂರಕ್ಕೆ ನಾಲ್ಕರ ಏರು ಅದು. ಅಷ್ಟು ಇಳಿಜಾರಿನಲ್ಲಿ ಜಗಲಿ ಕಟ್ಟಲಾಗದು. ಆದಕಾರಣ ಮಿರಬೋ ನಿಲ್ದಾಣದಲ್ಲಿ ಊರೊಳಗೆ ಹೋಗುವ ಬಂಡಿ ನಿಲ್ಲುತ್ತದೆ, ಹೊರಗೆ ಬರುವ ಬಂಡಿ ನಿಲ್ಲುವುದಿಲ್ಲ. ಆಚೆಗೆ ದಾರಿ ಕುಣಿಕೆಯಂತೆ ಸುತ್ತುತ್ತದೆ: ಹೋಗುವಾಗ ಒಂದು ಸಾಲು ನಿಲ್ದಾಣಗಳು, ಬರುವಾಗ ಇನ್ನೊಂದು ಸಾಲು. ಹೋದ ದಾರಿಯಲ್ಲಿಯೇ ಮರಳಿದರಾಯಿತು ಎನ್ನುವ ನನ್ನಂಥ ಹಳಬರು ಅಲ್ಲಿ ಒಮ್ಮೆಯಾದರೂ ದಿಕ್ಕು ತಪ್ಪಬೇಕು. ಆ ಕುಣಿಕೆಯ ನೆರೆಯಲ್ಲೇ, ಎರಡು ದಾರಿಗಳನ್ನು ಕೂಡಿಸುವ ತುಂಡುಹಳಿಯ ಮೇಲೆ, ಮೊಲಿಟೋರ್ ಬಾಗಿಲ ನಿಲ್ದಾಣವೆಂದು 1923ರಲ್ಲಿ ಒಂದನ್ನು ಕಟ್ಟಿದರು. ಹತ್ತಿರದ ಆಟದ ಮೈದಾನಕ್ಕೆ ಬರುವ ಜನಸಂದಣಿಗೆಂದು. ಬೀದಿಗೆ ಮೆಟ್ಟಿಲು ಕಟ್ಟಲೇ ಇಲ್ಲ. ಯಾವ ಪ್ರಯಾಣಿಕನೂ ಅಲ್ಲಿ ಇಳಿಯಲಿಲ್ಲ. ಅದು ಬಂಡಿಗಳ ತಂಗುದಾಣವಾಯಿತು.

ಈಗ ಬೆಲ್ವಿಲ್ಲಿನ ಕಡೆಗೆ ಬರೋಣ. ಆ ಗುಡ್ಡಗಳ ಒಡಲು ಹಳೆಯ ಜಿಪ್ಸಂ ಗಣಿಗಳಿಂದ ಟೊಳ್ಳು. ಏಳನೆಯ ದಾರಿಯ ಕವಲೊಂದನ್ನು ಬಿಯಾಂವೆನ್ಯೂ 1911ರಲ್ಲಿ ಅಲ್ಲಿಗೆ ಒಯ್ದನು. ಮಣ್ಣಿನ ಒತ್ತಡಕ್ಕೆ ಕಮಾನು ತಾಳಲಾರದೆಂದು ಕೆಲವು ನಿಲ್ದಾಣಗಳ ನಟ್ಟನಡುವೆ ದಪ್ಪ ಗೋಡೆಯನ್ನೆಬ್ಬಿಸಿ ಒಂದನ್ನು ಎರಡು ಅರೆನಿಲ್ದಾಣಗಳಾಗಿ ಸೀಳಬೇಕಾಯಿತು. ದಾನ್ಯೂಬ್ ನಿಲ್ದಾಣವಂತೂ ಹಳೆಯ ಗಣಿಯ ಗುಂಡಿಯ ಮೇಲೆ ನಿಂತಿದೆ. ಅದನ್ನು ಹೊತ್ತ ಕಂಬಗಳಲ್ಲಿ ಕೆಲವು ಮೂವತ್ತು ಮೀಟರಿಗೂ ಎತ್ತರ. ಮಣ್ಣಿನಲ್ಲಿ ಹೂತ ಸೇತುವೆಯೆಂದರೆ ಸಲ್ಲುತ್ತದೆ. ಯಾರೂ ಕಾಣದ ಸೇತುವೆ.

1921ರಲ್ಲಿ ಮೂರನೆಯ ದಾರಿಯೂ ಲಿಲಾ ಬಾಗಿಲಿನವರೆಗೆ ಬಂದು, ಏಳನೆಯದರ ಕವಲಿನ ಸಮೀಪದಲ್ಲಿಯೇ ನಿಂತಿತು. ಇವೆರಡನ್ನು ಕೂಡಿಸಿದರೆ ಗುಡ್ಡದ ಜನ ಬಂಡಿ ಬದಲಿಸದೆ ಊರಿನ ಎರಡು ಭಾಗಗಳಿಗೆ ಹೋಗಬಹುದು. ಅದಕ್ಕಾಗಿ ಒಂಟಿಹಳಿಯ ಎರಡು ಸುರಂಗಗಳನ್ನು ತೋಡಿ ಮುಗಿಸಿದರು, ಹೋಗಲು ಒಂದು, ಬರಲು ಒಂದು. ಮೊದಲನೆಯದರ ನಡುವೆ ಆಕ್ಸೊ ಎಂಬ ನಿಲ್ದಾಣವನ್ನೂ ಕಟ್ಟಿದರು. ಜಗಲಿಯಿದೆ, ಕಮಾನಿದೆ, ಹಳಿಯಿದೆ. ಬೀದಿಗೆ ಹೋಗುವ ದಾರಿಯಿಲ್ಲ. ಎರಡು ದಾರಿಗಳ ಬಂಡಿಗಳನ್ನು ಒಂದಾಗಿ ನಡೆಸುವ ಯೋಜನೆ ಕೈಗೂಡಲೇ ಇಲ್ಲ. ಎರಡನೆಯ ಸುರಂಗದಲ್ಲಿ ಮಾತ್ರ ಪುಟ್ಟ ಬಂಡಿಯೊಂದು 1921ರಿಂದ 1939ರವರೆಗೆ ಹಿಂದಕ್ಕೂ ಮುಂದಕ್ಕೂ ಓಡಾಡಿಕೊಂಡಿತ್ತು. ಮುಂದೆ, 1952ರಿಂದ 1956ರವರೆಗೆ, ರಬ್ಬರುಗಾಲಿಯ ಬಂಡಿಯ ಪ್ರಯೋಗ ನಡೆದದ್ದು ಆ ಸುರಂಗದಲ್ಲಿಯೇ. ಲಿಲಾ ಬಾಗಿಲಿನ ಬಳಕೆಯಿಲ್ಲದ ಜಗಲಿಗಳನ್ನು ಆಮೇಲೆ ಸಿನಿಮಾ ತೆಗೆಯುವವರಿಗೆ ಬಾಡಿಗೆಗೆ ಕೊಟ್ಟರು. ನೆಲದಡಿಯ ರೈಲು ಕಾಣುವ ಎಷ್ಟೋ ಚಿತ್ರಗಳು ಪ್ರಯಾಣಿಕರಿಲ್ಲದ ಆ ಜಗಲಿಯಲ್ಲಿ ತಯಾರಾದಂಥವು.

ಆಕ್ಸೊ ನಿಲ್ದಾಣ ಬರಿದಾಗಿಯೇ ಉಳಿದದ್ದಕ್ಕೆ ಇನ್ನೊಂದು ಕಾರಣವೂ ಒದಗಿತು. ಬಿಯಾಂವೆನ್ಯೂ 1891ರಲ್ಲಿ ಹಾಕಿದ ಹಗ್ಗದ ಬಂಡಿ 1924ರಲ್ಲಿ ನಿಂತುಹೋಯಿತು. ಬೆಲ್ವಿಲ್ಲಿನ ಏರನ್ನು ಹತ್ತಲು ನೆಲದಡಿಯಲ್ಲಿ ಹನ್ನೊಂದನೆಯ ದಾರಿಯನ್ನು ಕಟ್ಟಿ 1935ನೆಯ ಏಪ್ರಿಲ್ 28ರಂದು ತೆರೆದರು. ಅದು ಆ ಹಳೆಯ ಹಗ್ಗದ ಬಂಡಿಯ ಬೀದಿಯನ್ನೇ ಹಿಡಿದು ಏರಿ, ಮೇಲೆ ಹೋಗಿ, ಆಕ್ಸೊ ಸುರಂಗ ಯಾವೆರಡು ನಿಲ್ದಾಣಗಳನ್ನು ಕೂಡಿಸಬೇಕಾಗಿತ್ತೋ ಅವೆರಡನ್ನೇ ಕೂಡಿಸಿತು. ಹೀಗೆ ಯೌವನದ ಆ ಆಟಿಕೆಯ ರೈಲಿನ ಜಾಡಿನಲ್ಲಿ ಬಂದ ದಾರಿಯೇ ಅವನ ಮುಪ್ಪಿನ ಕಾಲದ ಸಂಧಿಯನ್ನು ಅನಾವಶ್ಯಕ ಮಾಡಿತು. ಇದನ್ನು ಕಾಣಲು ಅವನು ಬದುಕಿದ್ದನು, ವಯಸ್ಸು ಎಂಬತ್ತಮೂರು.

ನಿವೃತ್ತಿಯ ವಯಸ್ಸು ಕಳೆದು ಎಷ್ಟೋ ವರ್ಷಗಳಾದರೂ ನಗರ ಅವನನ್ನು ಬಿಟ್ಟಿರಲಿಲ್ಲ. 1932ನೆಯ ಡಿಸೆಂಬರಿನಲ್ಲಿ, ಎಂಬತ್ತನೆಯ ವಯಸ್ಸಿನಲ್ಲಿ, ಕೆಲಸದಿಂದ ಬಿಡುಗಡೆ ಹೊಂದಿದನು. ತನ್ನ ರೈಲನ್ನು ಕುರಿತು ಅವನೊಂದು ಲ್ಯಾಟಿನ್ ಸಾಲನ್ನು ರಚಿಸಿದ್ದುಂಟು. ದೇವಲೋಕದಿಂದ ಕಿಚ್ಚನ್ನು ಕದ್ದು ತಂದ ಪ್ರೊಮಿಥಿಯಸನ ಕಥೆಯನ್ನು ಅದರಲ್ಲಿ ಮಿಂಚಿಗೆ, ಎಂದರೆ ವಿದ್ಯುತ್ತಿಗೆ ಹೊಂದಿಸಿ, ಅವನ ಸಂತತಿಯವರು ಪಾತಾಳದಲ್ಲಿ ಸಂಚರಿಸುವುದನ್ನು ಹೇಳಿದ್ದಾನೆ. ಕವಿತ್ವ ದೊಡ್ಡದಲ್ಲವಾದರೂ, ಕಾಂಕ್ರೀಟಿನ ಲೆಕ್ಕಗಳ ನಡುವೆ ಛಂದಸ್ಸಿನ ಲೆಕ್ಕಕ್ಕೂ ಬಿಡುವು ಮಾಡಿಕೊಂಡವನೆಂದು ನನಗೆ ಅವನಲ್ಲಿ ಒಂದು ಸಲಿಗೆ.

1933ನೆಯ ಜೂನ್ 30ರಂದು ಅವೆನ್ಯೂ ದ್ಯು ಮೆನ್ ಎಂಬ ನಿಲ್ದಾಣಕ್ಕೆ ಅವನ ಹೆಸರನ್ನಿಟ್ಟರು. ಸಮಾರಂಭದಲ್ಲಿ ಅವನೂ ಹಾಜರಿದ್ದನು. 1936ನೆಯ ಆಗಸ್ಟ್ 3ರಂದು ತೀರಿಕೊಂಡನು. ಪೇರ್ ಲಾಶೇಜ್ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಅದರ ಬಾಗಿಲಿಗೆ ಅವನು ಕಟ್ಟಿದ ನಿಲ್ದಾಣವೇ ಹತ್ತಿರ.

ಅವನು ಮುಚ್ಚಿದ ಬಾಗಿಲನ್ನು ತೆರೆಯಲು ಮುಂದಿನವರು ಬಹಳ ಆಳಕ್ಕೆ ಇಳಿಯಬೇಕಾಯಿತು. ಕಿರಿದಾದ ಆ ಸುರಂಗಗಳನ್ನು ಅಗಲ ಮಾಡುವಂತಿರಲಿಲ್ಲ. ಆದ್ದರಿಂದ ಅವುಗಳ ಕೆಳಗೆ ದೊಡ್ಡ ಬಂಡಿಗಳಿಗಾಗಿ ಹೊಸ ಸುರಂಗಗಳನ್ನು ತೋಡಿ, 1977ನೆಯ ಡಿಸೆಂಬರ್ 8ರಂದು ಪೂರ್ವ ಪಶ್ಚಿಮ ದಕ್ಷಿಣದ ಹೊರವಲಯಗಳ ರೈಲುಗಳನ್ನು ಊರ ಒಡಲಿನಲ್ಲಿ, ಶಾತ್ಲೆಯ ಬಳಿ, ಒಂದುಗೂಡಿಸಿದರು. 1895ರ ಜಗಳ ತೀರಲು ಎಂಬತ್ತೆರಡು ವರ್ಷ ಹಿಡಿಯಿತು. ಸರ್ಕಾರದ ಪಕ್ಷವೇ ಸರಿಯಾಗಿತ್ತು ಎಂದು ಈಗ ಹೇಳುವುದು ಸುಲಭ. ಆದರೆ ಕಂಪೆನಿಗಳ ರೈಲು ಅಂದೇ ಒಳಗೆ ಬಂದಿದ್ದರೆ, ಬೆಲ್ವಿಲ್ಲಿನ ಟೊಳ್ಳುಗುಡ್ಡದಲ್ಲಿ ಕೂಲಿಕಾರರಿಗಾಗಿ ಮೂವತ್ತು ಮೀಟರಿನ ಕಂಬಗಳನ್ನು ನೆಡುವವರು ಯಾರಿದ್ದರು? ನಾನು ಎರಡು ಪಕ್ಷಗಳನ್ನೂ ತೂಗಿ ನೋಡಿದ್ದೇನೆ. ತಕ್ಕಡಿ ಒಮ್ಮೊಮ್ಮೆ ಅತ್ತ, ಒಮ್ಮೊಮ್ಮೆ ಇತ್ತ.

ಅವನ ಹೆಸರಿನ ನಿಲ್ದಾಣದ ಸಮೀಪದಲ್ಲಿಯೇ ಮೊಂಪಾರ್ನಾಸ್ ಎಂಬ ಇನ್ನೊಂದು ನಿಲ್ದಾಣ ಪ್ರತ್ಯೇಕವಾಗಿತ್ತು. 1942ರಲ್ಲಿ, ಅವನು ಸತ್ತ ಆರು ವರ್ಷಗಳ ಮೇಲೆ, ಎರಡನ್ನೂ ನೆಲದಡಿಯ ಓಣಿಯೊಂದರಿಂದ ಕೂಡಿಸಿ, ಹೆಸರುಗಳನ್ನೂ ಅಡ್ಡಗೆರೆಯೊಂದರಿಂದ ಕೂಡಿಸಿದರು. ಓಣಿಯ ಉದ್ದ ಸುಮಾರು 185 ಮೀಟರು. ತಾನಾಗಿ ಚಲಿಸುವ ನೆಲಪಟ್ಟಿ ಅಲ್ಲಿದೆ. ಆದರೂ ಹೊರಡುವ ದಿನ ನಾನು ಅದರ ಮೇಲೆ ನಿಲ್ಲದೆ ಪಕ್ಕದಲ್ಲಿ ನಡೆದೇ ಹೋದೆ. ವಿದ್ಯಾರ್ಥಿ ನನ್ನ ಪೆಟ್ಟಿಗೆಯನ್ನು ಹಿಡಿದು ಮುಂದೆ ಮುಂದೆ ಹೋಗುತ್ತಿದ್ದನು. ಫಲಕ ಬಂದಲ್ಲೆಲ್ಲ ನಾನು ನಿಂತು ಆ ಎರಡು ಚುಕ್ಕಿಗಳಿವೆಯೇ ಎಂದು ನೋಡಿದೆ. ನಾನು ನಿಂತದ್ದನ್ನು ಕಂಡು ಅವನೂ ನಿಂತನು; ಬಂಡಿಗೆ ಹೊತ್ತಾಗುತ್ತದೆ ಮೇಷ್ಟರೇ ಎಂದು ನೆನಪಿಸಿದನು.